ಕಾರಿನ ತುಂಬ ಜನ ಬೇಡ, ಒಬ್ಬರೇ ಹೋಗಿ

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು. ನಮ್ಮನೆಯವರು ಕಾರವಾರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾರೆ, ಅಲ್ಲೇ ರೂಮು ಮಾಡಿದ್ದಾರೆ. ಮೊದಲು ವಾರವಾರ ಬರುತ್ತಿದ್ದರು. ಈಗ ತಿಂಗಳಿಗೊಮ್ಮೆ. ಬಂದರೂ ಫೋನ್ ಕೈಬಿಡುವುದಿಲ್ಲ. ಕಳೆದ ತಿಂಗಳು ನಾಲ್ಕನೇ ಶನಿವಾರ ಆಫೀಸಿದೆ ಎಂದರು. ಆಮೇಲೆ ಬಟ್ಟೆ ಒಗೆಯುವಾಗ ಜೇಬಿನಲ್ಲಿ ಅದೇ ದಿನದ ಹೋಟೆಲ್ ಬಿಲ್ಲು ಸಿಕ್ಕಿತು: ಎರಡು ಮೀನು ಊಟ. ನಮ್ಮದು ಮೀನು ತಿನ್ನುವ ಮನೆಯಲ್ಲ. ಅಣ್ಣನಿಗೆ ಹೇಳಿದೆ. ಈಗ ಅಣ್ಣ, ಅತ್ತಿಗೆ, ನಮ್ಮತ್ತೆ, ಹನ್ನೊಂದು ವರ್ಷದ ಮಗಳು, ಚಿಕ್ಕ ಮಗ, ಎಲ್ಲ ಸೇರಿ ಬರುವ ಶನಿವಾರ ಹೇಳದೆ ಹೋಗಿ ರೆಡ್‌ಹ್ಯಾಂಡಾಗಿ ಹಿಡಿಯಬೇಕು ಎಂದಾಗಿದೆ. ಮಕ್ಕಳಿಗೆ ಬೀಚ್ ಟ್ರಿಪ್ ಎಂದಿದ್ದೇವೆ. ವಿಡಿಯೊ ಸಿಕ್ಕರೆ ಜೈಲಿಗೆ ಹಾಕಿಸಬಹುದು ಅನ್ನುತ್ತಾನೆ ಅಣ್ಣ. ಹೋಗಲಾ?

ಉತ್ತರ: ಹೋಗಿ ತಂಗೀ. ಈ ಜನರ ಜೊತೆ, ಈ ಥರ ಮಾತ್ರ ಬೇಡ.

ಮೊದಲು ಬಿಲ್ಲಿನ ವಿಷಯ. ಘಟ್ಟ ಇಳಿದ ಮೇಲೆ ನಾಲಿಗೆ ಬದಲಾದ ಗಂಡಸರು ನಿಮ್ಮವರೊಬ್ಬರೇ ಅಲ್ಲ. ಕಾರವಾರದಲ್ಲಿ ನೌಕರಿ ಮಾಡಿಯೂ ಬಂಗಡೆ ಮುಟ್ಟದೆ ಬಂದವರು ಎಷ್ಟು ಜನ ಅಂತ ಅವರವರ ಮನೆಯಲ್ಲೇ ಗೊತ್ತಿರುವುದಿಲ್ಲ! ಎದುರು ಕೂತು ಉಂಡವರು ಪಕ್ಕದ ಟೇಬಲ್ಲಿನ ಗುಮಾಸ್ತರೂ ಇರಬಹುದು. ಮೀನನ್ನು ಬದಿಗಿಡಿ. ನನಗೆ ಚುಚ್ಚಿದ್ದು ಆ ನಾಲ್ಕನೇ ಶನಿವಾರ. ರಾಜ್ಯ ಸರ್ಕಾರಿ ಕಚೇರಿಗಳಿಗೆ 2019ರಿಂದ ಅವತ್ತು ರಜೆ. ತುರ್ತು ಕೆಲಸಕ್ಕೆ ಕರೆಯುವುದುಂಟು, ಒಪ್ಪೋಣ. ಆದರೆ ಬರುವುದು ಕಮ್ಮಿ, ಫೋನ್ ಕೈಬಿಡುವುದಿಲ್ಲ, ಅದರ ಮೇಲೆ ಇದು. ಏನೋ ಮುಚ್ಚಿಡುತ್ತಿದ್ದಾರೆ. ಹೆಣ್ಣೇ ಇರಬಹುದು. ಸಾಲವೋ, ಕುಡಿತವೋ, ಮೊಬೈಲಿನಲ್ಲಿ ಆಡುವ ರಮ್ಮಿಯೋ ಇರಬಹುದು. ಅವರ ಬಾಯಿಂದ ಕೇಳುವವರೆಗೆ ಗೊತ್ತಾಗುವುದಿಲ್ಲ.

ಈಗ ಆ ಕಾರಿನೊಳಗೆ ಸ್ವಲ್ಪ ನೋಡಿ. ದೇವಿಮನೆ ಘಟ್ಟದ ತಿರುವಿನಲ್ಲಿ ಚಿಕ್ಕವನಿಗೆ ವಾಂತಿ. ಕುಮಟಾದಲ್ಲಿ ಚಾ ಕುಡಿಯುವಾಗ ಅಣ್ಣ ಅತ್ತಿಗೆ ದನಿ ತಗ್ಗಿಸಿ ಮಾತಾಡುತ್ತಾರೆ. ಹನ್ನೊಂದರ ಹುಡುಗಿಗೆ ಎಲ್ಲ ಅರ್ಥವಾಗುತ್ತದೆ ಮಾರಾಯ್ತಿ. ಅಂಕೋಲಾ ದಾಟುವುದರೊಳಗೆ ಅವಳು ಮಾತು ಬಿಟ್ಟು ಕಿಟಕಿ ಕಡೆ ತಿರುಗಿರುತ್ತಾಳೆ. ರೂಮಿನಲ್ಲಿ ಯಾರೋ ಇದ್ದರು ಅಂತಿಟ್ಟುಕೊಳ್ಳಿ. ಅಣ್ಣ ಮೊಬೈಲ್ ಎತ್ತಿ ಹಿಡಿದಿರುತ್ತಾನೆ, ಅತ್ತೆ ಗೋಳೋ ಅಂತ ಅಳುತ್ತಾರೆ, ಮಕ್ಕಳು ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡುತ್ತವೆ. ಯಾರೂ ಇರಲಿಲ್ಲ, ಗಂಡ ಲುಂಗಿ ಉಟ್ಟು ಅನ್ನಕ್ಕಿಡುತ್ತಿದ್ದರು ಅಂತಿಟ್ಟುಕೊಳ್ಳಿ. ಆಗ ತಪ್ಪು ನಿಮ್ಮದಾಗುತ್ತದೆ. ಆ ಶನಿವಾರ ಎಲ್ಲಿದ್ದಿರಿ ಅಂತ ಕೇಳಲು ಬಾಯಿ ಬರುವುದಿಲ್ಲ.

ಇನ್ನೊಂದು. ಅತ್ತೆ ನಿಮ್ಮ ಪರ ನಿಂತದ್ದು ಸಣ್ಣ ಮಾತಲ್ಲ. ಆದರೆ ಅಷ್ಟು ಜನರ ಎದುರು ಸಿಕ್ಕಿಬಿದ್ದ ಗಂಡಸು ಮರ್ಯಾದೆ ಉಳಿಸಿಕೊಳ್ಳಲು ಮಾತಾಡುತ್ತಾನೆ, ನಿಜ ಹೇಳುವುದಿಲ್ಲ. ಆಮೇಲೆ ಜೊತೆಗಿರಬೇಕೋ ಬಿಡಬೇಕೋ ಅನ್ನೋದೂ ನಿಮ್ಮ ಕೈಲಿರುವುದಿಲ್ಲ. ಅಣ್ಣ ಒಂದು ಹೇಳುತ್ತಾನೆ, ಊರು ಇನ್ನೊಂದು ಹೇಳುತ್ತದೆ.

ಜೈಲಿನ ಮಾತು ಅಣ್ಣ ಬಿಟ್ಟುಬಿಡಲಿ. ವ್ಯಭಿಚಾರವನ್ನು ಅಪರಾಧ ಎನ್ನುತ್ತಿದ್ದ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿದೆ. ಅದು ಇದ್ದಾಗಲೂ ಹೆಂಡತಿಗೆ ದೂರು ಕೊಡುವ ಹಕ್ಕು ಇರಲೇ ಇಲ್ಲ, ಅದು ಗಂಡಂದಿರಿಗಾಗಿ ಮಾಡಿದ ಕಲಮು. ವಿಚ್ಛೇದನಕ್ಕೆ ಮಾತ್ರ ಇದು ಈಗಲೂ ಕಾರಣವಾಗುತ್ತದೆ, ಹಿಂದೂ ವಿವಾಹ ಕಾಯ್ದೆಯಲ್ಲೇ ಇದೆ. ಅದಕ್ಕೆ ವಕೀಲರು ಬೇಕು, ಬಾಗಿಲು ದೂಡಿ ತೆಗೆದ ವಿಡಿಯೊ ಬೇಡ. ಅಂಥ ವಿಡಿಯೊ ಗ್ರೂಪಿಗೆ ಹೋದರೆ ಅಣ್ಣನ ಮೇಲೆಯೇ ದೂರು ಬಂದೀತು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಪುಕ್ಕಟೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ನೀವು ಮಾಡಬೇಕಾದ್ದು ಇಷ್ಟು. ಗಂಡನಿಗೆ ಫೋನ್ ಮಾಡಿ, "ಶನಿವಾರ ಬೆಳಗಿನ ಬಸ್ಸಿಗೆ ಬರ್ತಿದ್ದೇನೆ, ಮಾತಾಡುವುದಿದೆ" ಅನ್ನಿ. ಏನು ಅಂತ ಕೇಳಿದರೆ ಬಂದು ಹೇಳ್ತೇನೆ ಅನ್ನಿ. ಮೊದಲೇ ಹೇಳಿದರೆ ಎಲ್ಲ ಮುಚ್ಚಿಡುತ್ತಾರಲ್ಲ ಅನ್ನುತ್ತೀರಿ. ಮುಚ್ಚಿಡಲಿ. ಬಿಲ್ಲು ನಿಮ್ಮ ಹತ್ತಿರ ಇದೆ. ರೂಮು ಬೇಡ, ಸಂಜೆ ಟಾಗೋರ್ ಕಡಲತೀರದಲ್ಲಿ ಕೂತು ಕೇಳಿ. ನಾಲ್ಕು ಜನ ಓಡಾಡುವ ಕಡೆ ಕೂಗಾಟ ಕಮ್ಮಿ. ಬಿಲ್ಲನ್ನು ಅವರ ಕೈಗೆ ಕೊಟ್ಟು, "ಆಫೀಸಿದೆ ಅಂದಿರಲ್ಲ, ಯಾರ ಜೊತೆ ಉಂಡಿರಿ?" ಅನ್ನಿ. ಆಮೇಲೆ ಸುಮ್ನಿರಿ. ಇದು ಬಲು ಕಷ್ಟ. ನಾವೇ ಅಳುತ್ತ, ನಾವೇ ಬೈಯುತ್ತ, ಅವರ ಬದಲು ಉತ್ತರವನ್ನೂ ನಾವೇ ಕೊಟ್ಟುಬಿಡುತ್ತೇವೆ. ಅವರು ಹೇಳಿದ್ದಕ್ಕೆ ಅವತ್ತೇ ಏನೂ ತೀರ್ಮಾನ ಮಾಡಬೇಕಾಗಿಲ್ಲ.

ಹಿಂದೆ ಎಂದಾದರೂ ಅವರು ಕೈ ಎತ್ತಿದ್ದುಂಟಾ? ಉಂಟಾದರೆ ಒಬ್ಬರೇ ಹೋಗಲೇಬೇಡಿ, ಅಣ್ಣ ಕರೆದರೆ ಕೇಳುವಷ್ಟು ದೂರದಲ್ಲಿ ಇರಲಿ. ಹೊರಡುವ ಮೊದಲು ಪಾಸ್‌ಬುಕ್ಕು, ಬಂಗಾರ ಎಲ್ಲೆಲ್ಲಿದೆ ಅಂತಲೂ ನೋಡಿಕೊಳ್ಳಿ.

ಮಕ್ಕಳಿಗೆ ಬೀಚ್ ಅಂದಾಗಿದೆ ಅಲ್ವಾ? ಆ ಮಾತು ತಪ್ಪಿಸಬೇಡಿ. ಮುಂದಿನ ಭಾನುವಾರ ಅಣ್ಣ ಅತ್ತಿಗೆ ಅವರನ್ನು ಗೋಕರ್ಣಕ್ಕೋ ಹೊನ್ನಾವರದ ಕಾಸರಕೋಡಿಗೋ ಕರೆದುಕೊಂಡು ಹೋಗಲಿ. ಚಿಕ್ಕವನಿಗೆ ಕಾರಿನ ಮುಂದಿನ ಸೀಟು ಬೇಡ, ಹೊಟ್ಟೆ ತುಂಬ ದೋಸೆಯೂ ಬೇಡ.