ಎಲ್ಲಾನೂ ವ್ಯರ್ಥ ಅಂದ್ರ ಇಷ್ಟ್ ದಿನ ದುಡದದ್ದು ಯಾಕ?

ಪ್ರಶ್ನೆ: ನಮಸ್ಕಾರ್ರೀ ಅಕ್ಕೋರೆ. ನಂದು ಬೀದರ್ ಹತ್ರ ಹಳ್ಳಿ, 16 ವರ್ಷ ಹೈದರಾಬಾದ್‌ನ್ಯಾಗ ದುಡದೀನಿ. ಹೋದ ವರ್ಷ ಊರಾಗ ಮನಿ ಕಟ್ಸಿ ಗ್ರಾನೈಟ್ ಹಾಕಿಸ್ದೆ, ಕಾರೂ ತೊಗೊಂಡೆ. ಹದಿನೈದ್ ದಿನ ಖುಷಿ ಇತ್ತು, ಆಮ್ಯಾಲ ಏನೂ ಇಲ್ಲ, ನಿದ್ದಿನೂ ಬರ್ತಿಲ್ಲ. ಚರ್ಚ್‌ನ್ಯಾಗ ಬೈಬಲ್‌ನ ಪ್ರಸಂಗಿ ಪುಸ್ತಕ ಓದಿದ್ರು, 'ಸಮಸ್ತವೂ ವ್ಯರ್ಥ' ಅಂತ. ಹಂಗಾದ್ರ ಸುಖ ಪಡೋದೇ ತಪ್ಪೇನ್ರಿ?

ಉತ್ತರ: ತಮ್ಮಾ, ಅದೇ ಪುಸ್ತಕದ 2ನೇ ಅಧ್ಯಾಯ ಒಮ್ಮೆ ಕುಂತು ಓದು, ನಿನ್ನ ಕಥಿನೇ ಅದ. ಅದ್ರಾಗ ಮಾತಾಡೋನು ಯೆರೂಸಲೇಮಿನ ಅರಸ, ಸೊಲೊಮೋನ ಅಂತ ಹಿಂದಿನಿಂದ ಹೇಳ್ಕೋತ ಬಂದಾರ. ಸುಖ ಅಂದ್ರ ಏನು ನೋಡೇ ಬಿಡ್ತೀನಿ ಅಂತ ದ್ರಾಕ್ಷಾರಸ ಕುಡದ, ಮನಿ ಕಟ್ಟಸ್ದ, ತೋಟ ಹಾಕ್ಸಿ ಗಿಡಕ್ಕ ನೀರು ಸಾಲ್ಬೇಕಂತ ಕೆರಿ ತೋಡಿಸ್ದ, ದನ, ಬೆಳ್ಳಿ, ಬಂಗಾರ, ಹಾಡೋರು, ಕಣ್ಣು ಕೇಳಿದ್ದು ಒಂದೂ ಬಿಡಲಿಲ್ಲ, ಕಡೀಕ್ ಹೊಳ್ಳಿ ನೋಡಿದ್ರ ಗಾಳಿ ಬೆನ್ನತ್ತಿದಂಗ ಆಗಿತ್ತಂತ. ಇದು ಸಿಗಲಾರದವನ ಸಿಟ್ಟಿನ ಮಾತಲ್ಲ ನೋಡು, ಎಲ್ಲಾ ಉಂಡವನ ಮಾತು.

ಈಗ ಆ 'ವ್ಯರ್ಥ' ಅನ್ನೋ ಶಬ್ದ. ಹೀಬ್ರೂದಾಗ ಅದು ಹೆವೆಲ್, ಅಂದ್ರ ಉಸಿರು, ಆವಿ. 12 ಅಧ್ಯಾಯದಾಗ 38 ಸಲ ಬರ್ತದ. ಬೈಬಲ್‌ನ್ಯಾಗ ಅಣ್ಣನ ಕೈಲಿ ಸತ್ತ ಆದಾಮನ ಮಗ ಹೇಬೆಲನ ಹೆಸರೂ ಇದೇ ಶಬ್ದ. ನಾವು ವ್ಯರ್ಥ ಅಂದಕೂಡ್ಲೇ ಕೆಲಸಕ್ಕ ಬಾರದ್ದು ಅನ್ಕೋತೀವಿ, ನನಗ ಅದು ಅರ್ಧ ಅರ್ಥ ಅನಸ್ತದ. ಡಿಸೆಂಬರ್‌ನ್ಯಾಗ ನಮ್ ಬೀದರ್ ಥಂಡಿಗೆ ಹಾಲು ತರ್ಲಿಕ್ಕೆ ಹೊಂಟಾಗ ಬಾಯಿಂದ ಹೊಗಿ ಬರ್ತದಲ್ಲ, ಅದು ಸುಳ್ಳೇನು? ಕಣ್ಣಿಗೆ ಕಾಣ್ತದ, ಕೈಗೆ ಬೆಚ್ಚಗ ಹತ್ತತದ, ಮುಷ್ಟಿ ಹಿಡಿದ್ರ ಮಾತ್ರ ಏನಿಲ್ಲ. ಬೀದರ್ ಕ್ವಾಟಿಯೊಳಗ ರಂಗೀನ್ ಮಹಲ್ ಅರಮನಿ ನೋಡೀದಿ, ಕರಿ ಕಲ್ಲಿನ್ಯಾಗ ಮುತ್ತಿನ ಚಿಪ್ಪು ಕೂಡಿಸ್ಯಾರ, ಇನ್ನೂ ಹೊಳೀತದ, ಅದನ್ನ ಕಟ್ಟಿಸಿದವರು ಎಲ್ಲಿ ಅದಾರ?

ಸುಖ ಪಡೋದು ತಪ್ಪು ಅಂತ ಆ ಪುಸ್ತಕ ಹೇಳಂಗೇ ಇಲ್ಲ. 9ನೇ ಅಧ್ಯಾಯದಾಗ ಹೋಗು, ನಿನ್ನ ರೊಟ್ಟಿ ಖುಷಿಲೆ ಉಣ್ಣು, ಪ್ರೀತಿಯ ಹೆಣ್ತಿ ಜೋಡಿ ಬಾಳು ಅಂತನೇ ಅದ, ಅದು ದೇವರ ಕೈಯಿಂದ ಬಂದದ್ದು ಅಂತ 2ನೇದ್ರಾಗೇ ಹೇಳ್ಯಾನ. ನಿನ್ನ ನಿದ್ದಿ ಸುದ್ದಿನೂ ಅದ: 5ನೇ ಅಧ್ಯಾಯದಾಗ, ದುಡಿಯೋನು ಸ್ವಲ್ಪ ಉಣ್ಲಿ ಜಾಸ್ತಿ ಉಣ್ಲಿ ಅವನ ನಿದ್ದಿ ಸಿಹಿ, ಸಾಹುಕಾರಗ ಅವನ ಸಂಪತ್ತೇ ಮಲಗಗೊಡಲ್ಲ ಅಂತ. (ವಾರಗಟ್ಟಲೆ ನಿದ್ದಿ ಇಲ್ಲಂದ್ರ ಡಾಕ್ಟರ್‌ಗೂ ತೋರ್ಸು, ಇದನ್ನ ಬಿಡಬ್ಯಾಡ.)

ಮನಿ ಕಟ್ಟಿದ್ದು ತಪ್ಪಲ್ಲ ತಮ್ಮಾ. ಆದ್ರ ನಿನ್ನ ಪತ್ರ ಮೂರ್ ಸಲ ಓದೀನಿ, ಗ್ರಾನೈಟ್ ಅದ, ಕಾರ್ ಅದ, ಆ ಮನ್ಯಾಗ ನಿನ್ನ ಬಾಜು ಕುಂತು ಯಾರು ಉಣ್ತಾರ ಅಂತ ಒಂದು ಸಾಲೂ ಇಲ್ಲ. ಹೆಣ್ತಿ ಮಕ್ಕಳು ಊರಾಗ ಅದಾರೋ ಹೈದರಾಬಾದ್‌ನ್ಯಾಗೋ? ಅವ್ವ ಇದ್ದಾಳೇನು? ಮುಂದಿನ ಪತ್ರದಾಗ ಅದನ್ನ ಬರಿ.