ಹಿಮ ಕರಗಿದ ಮೇಲೆ ಹುಲ್ಲುಹಾಸಿನ ಆರೈಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವಿರುವ ಕಡೆ ನಾಲ್ಕೈದು ತಿಂಗಳು ಹಿಮ ಬಿದ್ದಿರುತ್ತದೆ. ಕರಗಿದ ಕೂಡಲೇ ಮನೆ ಮುಂದಿನ ಲಾನ್‌ಗೆ ಗೊಬ್ಬರ ಹಾಕುತ್ತೇವೆ. ಒಂದು ತಿಂಗಳು ಹಚ್ಚಗೆ ನಳನಳಿಸುತ್ತದೆ, ಬೇಸಿಗೆ ಬಂದರೆ ಸೊರಗುತ್ತದೆ. ಗೊಬ್ಬರ ಸಾಲದೇ?

ಉತ್ತರ: ಗೊಬ್ಬರ ಸಾಲದೆ ಅಲ್ಲ, ಹೊತ್ತು ತಪ್ಪಿ ಹಾಕುತ್ತಿದ್ದೀರಿ. ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ, ರೈಗ್ರಾಸ್‌ನಂಥ ಚಳಿನಾಡಿನ ಹುಲ್ಲುಗಳು ವಸಂತದಲ್ಲಿ ತಾವಾಗಿಯೇ ಚಿಗುರುತ್ತವೆ. ಆಗ ಸಾರಜನಕ ಸುರಿದರೆ ಶಕ್ತಿಯೆಲ್ಲ ಎಲೆಗೆ ಹೋಗುತ್ತದೆ, ಬೇರು ಮೇಲೆಮೇಲೆಯೇ ಉಳಿಯುತ್ತದೆ. ಬಿಸಿಲು ಏರಿದಾಗ ಬಾಡುವುದು ಅದಕ್ಕೇ. ಒಳಮಣ್ಣು ಇನ್ನೂ ಹೆಪ್ಪುಗಟ್ಟಿದ್ದರಂತೂ ಗೊಬ್ಬರ ನೀರಿನೊಂದಿಗೆ ಚರಂಡಿ ಸೇರುತ್ತದೆ.

ಮುಖ್ಯ ಕಂತನ್ನು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನೊಳಗೆ ಹಾಕಿ. ಆಗ ಎಲೆಯ ಓಟ ತಗ್ಗಿರುತ್ತದೆ, ಮಣ್ಣು ಬೆಚ್ಚಗಿರುತ್ತದೆ, ಹುಲ್ಲು ಬೇರು ಬಿಟ್ಟು ಚಳಿಗಾಲಕ್ಕೆ ಆಹಾರ ಕೂಡಿಡುತ್ತದೆ. ಬೇಕೆನಿಸಿದರೆ ಮೇ ಕೊನೆಯಲ್ಲಿ ಇದರ ಅರ್ಧದಷ್ಟು ಕೊಡಬಹುದು.

ಅಳತೆ ಹೀಗೆ: 100 ಚದರ ಮೀಟರ್‌ಗೆ ಒಂದು ಸಲಕ್ಕೆ 500 ಗ್ರಾಂ ಸಾರಜನಕ, ಅದಕ್ಕಿಂತ ಹೆಚ್ಚು ಬೇಡ. ಚೀಲದ ಮೇಲಿನ ಮೂರು ಅಂಕಿಗಳಲ್ಲಿ ಮೊದಲನೆಯದು ಸಾರಜನಕದ ಶೇಕಡಾ ಪ್ರಮಾಣ. ಅದು 25 ಇದ್ದರೆ 2 ಕಿಲೋ ಗೊಬ್ಬರ ಸಾಕು. ಯೂರಿಯಾದಲ್ಲಿ ಶೇ. 46 ಇರುವುದರಿಂದ 1 ಕಿಲೋಗೆ ತುಸು ಹೆಚ್ಚು ಸಾಕಾಗುತ್ತದೆ. ಆದರೆ ಯೂರಿಯಾ ಕೈ ತಪ್ಪಿದರೆ ಹುಲ್ಲನ್ನು ಸುಡುತ್ತದೆ. ಮನೆಯ ಲಾನ್‌ಗೆ ನಿಧಾನವಾಗಿ ಕರಗುವ ಹರಳು ಗೊಬ್ಬರವೇ ಒಳ್ಳೆಯದು. ತೂಗಿದ್ದನ್ನು ಎರಡು ಪಾಲು ಮಾಡಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಎರಚಿ. ಒಂದೇ ದಿಕ್ಕಿನಲ್ಲಿ ಎರಚಿದರೆ ಹಸಿರು, ಹಳದಿ ಪಟ್ಟೆಗಳು ಮೂಡುತ್ತವೆ. ಎಲೆ ಒಣಗಿರುವಾಗ ಹಾಕಿ, ಕೂಡಲೇ ನೀರುಣಿಸಿ. ಕಾಲುದಾರಿಯ ಮೇಲೆ ಬಿದ್ದ ಹರಳನ್ನು ಗುಡಿಸಿ ಹುಲ್ಲಿಗೇ ಹಾಕಿ.

ರಂಜಕ, ಸುಣ್ಣ ಮಾತ್ರ ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ.

ಪ್ರಶ್ನೆ: ಹಿಮ ಸರಿದ ಜಾಗದಲ್ಲಿ ತಟ್ಟೆಯಗಲದ ಬೂದು, ತಿಳಿಗುಲಾಬಿ ಕಲೆಗಳಿವೆ. ಹುಲ್ಲು ಸತ್ತಿದೆಯೇ?

ಉತ್ತರ: ಅದು ಹಿಮದಡಿ ಬೆಳೆಯುವ ಬೂಷ್ಟು. ಬುಡದಲ್ಲಿ ಬೆರಳಿಟ್ಟು ಬಿಡಿಸಿ ನೋಡಿ; ಬೆಳ್ಳಗೆ, ಗಟ್ಟಿಯಾಗಿದ್ದರೆ ಜೀವವಿದೆ. ನೆಲ ಆರಿದ ಮೇಲೆ ಅಂಟಿಕೊಂಡ ಎಲೆಗಳನ್ನು ಹಗುರವಾಗಿ ಬಾಚಿ, ಗಾಳಿಯಾಡಲು ಬಿಡಿ. ಹೆಚ್ಚಿನ ಸಲ ಔಷಧಿ ಬೇಕಾಗುವುದಿಲ್ಲ. ಬೋಳಾಗಿ ಉಳಿದಲ್ಲಿ ಮಾತ್ರ ಬೀಜ ಹಾಕಿ.

ಮತ್ತೆ ಬಾರದಂತೆ ಕೊನೆಯ ಕಟಾವಿನಲ್ಲಿ ಹುಲ್ಲನ್ನು 5–6 ಸೆಂ.ಮೀ.ಗೆ ಇಳಿಸಿ (ಬೇಸಿಗೆಯಲ್ಲಿ 7–8 ಇರಲಿ). ಉದುರಿದ ಎಲೆ ತೆಗೆಯಿರಿ, ದಾರಿಯ ಹಿಮವನ್ನು ಲಾನ್ ಮೇಲೆ ಗುಡ್ಡೆ ಹಾಕಬೇಡಿ. ಚಳಿ ಕಚ್ಚುವ ಹೊತ್ತಿಗೆ ಸಾರಜನಕ ಕೊಟ್ಟರೆ ಎಳೆಯ, ಮೆದು ಎಲೆಗಳು ಹಿಮದಡಿ ಸಿಕ್ಕಿಬೀಳುತ್ತವೆ. ಬೂಷ್ಟಿಗೆ ಅದೇ ಆಹಾರ.

ಪ್ರಶ್ನೆ: ರಸ್ತೆಯಂಚಿನ ಹುಲ್ಲಷ್ಟೇ ಕಂದಾಗಿದೆ, ಏಕೆ?

ಉತ್ತರ: ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು. ನೆಲ ಸಡಿಲವಾದ ಕೂಡಲೇ ಎರಡು ಮೂರು ಸಲ ಧಾರಾಳವಾಗಿ ನೀರು ಬಿಟ್ಟು ಉಪ್ಪನ್ನು ಬೇರಿನಿಂದ ಕೆಳಕ್ಕಿಳಿಸಿ, ಆಮೇಲೆ ಬೀಜ ಹಾಕಿ.