ಕೃಷಿ ವಿಶ್ವವಿದ್ಯಾಲಯ ಅಂದರೆ ಬರೀ ಬೀಜ, ಗೊಬ್ಬರ ಅಲ್ಲ

ನಮಸ್ಕಾರ ಸರ್. ನಿಮ್ಮ ಮಗಳಿಗೆ ಹುಳುಗಳ ಮೇಲೆ ಆಸಕ್ತಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್‌ನಲ್ಲಿ ಬರೀ ಬೆಳೆ ತಳಿಗಳ ಸಂಶೋಧನೆ ಇರುತ್ತದೆಯೇ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಅಲ್ಲಿ ಕೀಟಶಾಸ್ತ್ರಕ್ಕೇ ಬೇರೆ ವಿಭಾಗವಿದೆ. ಜೇನು ಸಾಕಣೆ, ರೇಷ್ಮೆ ಹುಳುವಿನ ಮೇಲೂ ಕೆಲಸ ನಡೆಯುತ್ತದೆ. ಮಣ್ಣು, ಮಳೆ ಆಶ್ರಿತ ಬೇಸಾಯ, ಯಂತ್ರೋಪಕರಣ, ಆಹಾರ ಸಂಸ್ಕರಣೆ ಎಲ್ಲವೂ ಇವೆ.

ಆದರೆ ತಳಿ ಸಂಶೋಧನೆಯನ್ನು ಸಣ್ಣದು ಅಂದುಕೊಳ್ಳಬೇಡಿ. ರಾಗಿಯ ಹೂವು ತುಂಬಾ ಚಿಕ್ಕದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಹಾಗಾಗಿ ಎರಡು ತಳಿ ಸೇರಿಸುವುದೇ ದೊಡ್ಡ ಸಾಹಸ. ಅಂಥದ್ದರಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್! ನಮ್ಮ ಮುದ್ದೆಯ ಹಿಂದೆ ಇಷ್ಟು ತಾಳ್ಮೆಯ ಕೆಲಸ ಇದೆ ಅಂದರೆ ನನಗೆ ಈಗಲೂ ಹೆಮ್ಮೆ. ಆಮೇಲೆ ಬೆಂಕಿ ರೋಗ ತಡೆಯುವ ಜಿಪಿಯು-28 ಅನ್ನುವ ರಾಗಿ ತಳಿ ಬಂತು.

ಅವರೆಕಾಯಿ ಕಥೆಯೂ ಚೆನ್ನಾಗಿದೆ. ಹಳೇ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ. ಅದಕ್ಕೇ ಚಳಿಗಾಲದಲ್ಲೇ ಸೊಗಡು, ಅಲ್ವಾ? ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆ-3, ಅವರೆ-4 ಬಂದ ಮೇಲೆ ವರ್ಷದ ಬೇರೆ ತಿಂಗಳಲ್ಲೂ ಬೆಳೆಯುವ ಹಾಗಾಯಿತು. ಆದರೆ ಅವರೆಗೆ ಕಾಯಿಕೊರಕ ಹುಳುವಿನ ಕಾಟ ಜಾಸ್ತಿ. ಅಂದರೆ ತಳಿ ಮಾಡುವವರ ಪಕ್ಕದಲ್ಲೇ ಹುಳು ಓದಿದವರೂ ಬೇಕು.

ಪ್ರತಿ ವರ್ಷ ಜಿಕೆವಿಕೆಯಲ್ಲಿ ಕೃಷಿ ಮೇಳ ನಡೆಯುತ್ತದೆ. ಸೀಟು ಆಯ್ಕೆಗೆ ಮುಂಚೆ ಮೇಳಕ್ಕೆ ಹೋಗಲು ಆಗದಿದ್ದರೆ, ಸುಮ್ನೆ ಒಂದು ದಿನ ಕ್ಯಾಂಪಸ್‌ಗೆ ಹೋಗಿ, ಕೀಟಶಾಸ್ತ್ರ ವಿಭಾಗದಲ್ಲಿ ಮಗಳನ್ನೇ ಮಾತಾಡಲು ಬಿಡಿ.